ಹಾಡು ತಾನಾಗಿ ಹುಟ್ಟುವುದಿಲ್ಲ: ತಪ್ಪು ಕಲ್ಪನೆ ಮತ್ತು ವಾಸ್ತವ

ಗಂಗಾನಗರದವರಿಗೆ ಹಾಡು ಎರಡೂ ದಿಕ್ಕಿನಲ್ಲಿ ಹತ್ತಿರ. ಬಳ್ಳಾರಿ ರಸ್ತೆಯಲ್ಲಿ ಮೆಜೆಸ್ಟಿಕ್ ಕಡೆ ಹೊರಟರೆ ಮೇಖ್ರಿ ಸರ್ಕಲ್ ದಾಟುತ್ತಿದ್ದಂತೆ ಅರಮನೆ ಮೈದಾನ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ಹಾಡಿದ್ದು ಅಲ್ಲೇ. 2005ರಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ಎಂದು ಲಕ್ಷದಷ್ಟು ಜನರನ್ನು ಸೇರಿಸಿದ್ದೂ ಅಲ್ಲೇ. ಅದೇ ರಸ್ತೆಯಲ್ಲಿ ಹೆಬ್ಬಾಳದ ಕಡೆ ತಿರುಗಿದರೆ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ. ಅದು ತಮಟೆಯ, ತತ್ವಪದದ, ಹೋರಾಟದ ಹಾಡಿನ ಸೀಮೆ. ನವೆಂಬರ್ ಬಂತೆಂದರೆ ನಮ್ಮ ಬೀದಿಯಲ್ಲೇ ಪೆಂಡಾಲ್ ಏಳುತ್ತದೆ, ಆರ್ಕೆಸ್ಟ್ರಾ ಬರುತ್ತದೆ.

ಇಷ್ಟೆಲ್ಲ ಕಿವಿಗೆ ಬಿದ್ದರೂ ಹಾಡುವವರ ಬಗ್ಗೆ ನಾವು ನಂಬಿಕೊಂಡು ಬಂದದ್ದರಲ್ಲಿ ಅರ್ಧ ಸುಳ್ಳು. ಜನಪದ ಗಾಯಕರು, ಹೋರಾಟದ ಹಾಡುಗಾರರು, ರಾಕ್ ಬ್ಯಾಂಡಿನವರು, ಮೂವರ ಬಗ್ಗೆಯೂ. ರಾಜ್ಯೋತ್ಸವದ ಸಭೆಯಲ್ಲಿ, ಬಸ್ ಸ್ಟಾಪಿನಲ್ಲಿ, ಮನೆಯ ಊಟದ ಹೊತ್ತಿನಲ್ಲಿ ಅವೇ ಮಾತು ಮತ್ತೆ ಮತ್ತೆ ಬರುತ್ತವೆ. ಹಾಡನ್ನು ಒಬ್ಬ ಮನುಷ್ಯ ಕೂತು, ಯೋಚಿಸಿ ಕಟ್ಟಿದ್ದಾನೆ ಎಂಬುದನ್ನು ಈ ಮಾತುಗಳೆಲ್ಲ ಮರೆಸುತ್ತವೆ. ಅದಕ್ಕೇ ಇವಕ್ಕೆ ಉತ್ತರ ಕೊಡಬೇಕು.

ತಪ್ಪು ಕಲ್ಪನೆ: ಪ್ರತಿಭಟನೆಯ ಹಾಡು ನಮ್ಮ ನೆಲದ್ದಲ್ಲ. ಅಮೆರಿಕದಲ್ಲಿ ಬಾಬ್ ಡಿಲನ್, ಪೀಟ್ ಸೀಗರ್ ಗಿಟಾರ್ ಹಿಡಿದರು. ಅದನ್ನು ನೋಡಿ ಇಲ್ಲಿಯ ಕಾಲೇಜು ಹುಡುಗರು ಕಲಿತರು.

ವಾಸ್ತವ: 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂದು ಕಾಯ್ದೆ ಹೊರಡಿಸಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಆ ಕಥೆ ಲಾವಣಿಯಾಗಿ ಉಳಿಯಿತು. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರ ಹೆಸರು ನಮಗೆ ಗೊತ್ತಿರುವುದು ಮುಖ್ಯವಾಗಿ ಆ ಹಾಡಿನಿಂದ. ಶಾಲೆಯ ಪಠ್ಯದಲ್ಲಿ ನಾವೆಲ್ಲ ಅದನ್ನು ಓದಿದ್ದೇವೆ, ಪರೀಕ್ಷೆಗೆ ಬರೆದಿದ್ದೇವೆ. ಅದು ಪ್ರತಿಭಟನೆಯ ಹಾಡು ಎಂದು ಮಾತ್ರ ಯಾರೂ ಹೇಳಲಿಲ್ಲ. ಅದರ ಕೊನೆಯಲ್ಲಿ ಕುರ್ತಕೋಟಿಯ ಕಲ್ಮೇಶನ ಹೆಸರು ಬರುತ್ತದೆ. ಅಂದರೆ ಕಟ್ಟಿದವನು ತನ್ನ ದೇವರ ಅಂಕಿತ ಇಟ್ಟು ಗುರುತು ಬಿಟ್ಟು ಹೋಗಿದ್ದಾನೆ.

ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಲಾವಣಿ ಐವತ್ತು ವರ್ಷದ ಮೇಲೂ ಬಾಯಿಂದ ಬಾಯಿಗೆ ನಡೆದಿತ್ತು. ಶಾಸನ ತಜ್ಞ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಅದೂ ಇದೆ. ಫ್ಲೀಟ್ ಸ್ವತಃ ಬ್ರಿಟಿಷ್ ಸರ್ಕಾರದ ಅಧಿಕಾರಿ. ಆ ಸರ್ಕಾರದ ವಿರುದ್ಧದ ಹಾಡನ್ನು ಅದರ ಅಧಿಕಾರಿಯೇ ಬರೆದಿಟ್ಟುಕೊಳ್ಳುವಷ್ಟು ಅದು ಜನರ ನಡುವೆ ಬಳಕೆಯಲ್ಲಿತ್ತು. ಮುಂದೆ ಸ್ವಾತಂತ್ರ್ಯ ಚಳವಳಿಯಲ್ಲಿ ಗೀಗೀ ಮೇಳಗಳು ಇದೇ ದಾರಿ ಹಿಡಿದವು. ದಕ್ಷಿಣದ ನೀಲಗಾರರ ಮಂಟೇಸ್ವಾಮಿ ಕಾವ್ಯದಲ್ಲಿ ಕೀಳೆನಿಸಿಕೊಂಡ ಜಂಗಮನೊಬ್ಬ ಕಲ್ಯಾಣದ ದೊಡ್ಡವರನ್ನೇ ಪರೀಕ್ಷೆಗೆ ಒಡ್ಡುತ್ತಾನೆ. ಅದನ್ನು ರಾತ್ರಿಯಿಡೀ ಹಾಡಿದವರು ಡಿಲನ್ ಹೆಸರನ್ನೇ ಕೇಳದವರು.

ಡಿಲನ್ ಬಗ್ಗೆಯೂ ನ್ಯಾಯವಾಗಿ ಮಾತಾಡೋಣ. ಅವರಿಗೆ ಜಗತ್ತಿನ ಹೆಸರು ತಂದ 1960ರ ದಶಕದ ಹಾಡೊಂದರ ಧಾಟಿಗೆ ಗುಲಾಮಗಿರಿಯ ಕಾಲದ ಕಪ್ಪು ಜನರ ಹಾಡೊಂದು ಮೂಲ. ಅದನ್ನು ಅವರೇ ಹೇಳಿಕೊಂಡಿದ್ದಾರೆ. ಅಲ್ಲಿಯೂ ಪ್ರತಿಭಟನೆಯ ಹಾಡು ಗಿಟಾರಿನಿಂದ ಶುರುವಾಗಲಿಲ್ಲ.

ತಪ್ಪು ಕಲ್ಪನೆ: ಹೋರಾಟದ ಹಾಡು ಎಂದರೆ ಕೂಗು. ಕೋಪ ಬಂದವನು ಗಂಟಲು ಹರಿಯುವಂತೆ ಅರಚುತ್ತಾನೆ. ಅದರಲ್ಲಿ ಸಾಹಿತ್ಯವೂ ಇಲ್ಲ, ಸಂಗೀತವೂ ಇಲ್ಲ.

ವಾಸ್ತವ: ಈ ಮಾತು ಹೇಳುವವರು ಒಮ್ಮೆ ಸಿದ್ಧಲಿಂಗಯ್ಯನವರ ಹಾಡುಗಳನ್ನು ಕಾಗದದ ಮೇಲೆ ಓದಿ, ಆಮೇಲೆ ಐವತ್ತು ಜನರ ನಡುವೆ ಕೂತು ಕೇಳಬೇಕು. 1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ ಬೆಂಗಳೂರಿನ ಶ್ರೀರಾಮಪುರದ ಕೇರಿಯಲ್ಲಿ ಬೆಳೆದವರು ಅವರು. 1973ರ ಬೂಸಾ ಗಲಾಟೆಯ ಹೊತ್ತಿಗೆ ಇನ್ನೂ ವಿದ್ಯಾರ್ಥಿ. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂತು. ಅದೇ ಕಾಲಕ್ಕೆ ದಲಿತ ಸಂಘರ್ಷ ಸಮಿತಿ ಬೆಳೆಯುತ್ತಿತ್ತು, ‘ಸಮುದಾಯ’ ಎಂಬ ರಂಗತಂಡ ಹುಟ್ಟಿತ್ತು. ಆ ಹಾಡುಗಳು ಪುಸ್ತಕದ ಅಂಗಡಿಗಿಂತ ಮೊದಲು ಸಭೆಗಳನ್ನು ತಲುಪಿದವು. ಮೈಸೂರಿನ ಜನ್ನಿ, ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅಂಥವರ ಕಂಠದಲ್ಲಿ ಹೋರಾಟದ ಹಾಡು ಊರೂರು ಸುತ್ತಿತು.

ಅವುಗಳ ಕಟ್ಟಾಣಿಕೆ ನೋಡಿ. ಸಾಲು ಚಿಕ್ಕದು, ಒಂದು ಉಸಿರಿಗೆ ಮುಗಿಯುತ್ತದೆ. ಪಲ್ಲವಿಯನ್ನು ಓದು ಬಾರದವರೂ ಎರಡನೇ ಸಲಕ್ಕೆ ಹಿಡಿದುಕೊಳ್ಳುತ್ತಾರೆ. ಒಬ್ಬ ಹೇಳಿದ್ದನ್ನು ಗುಂಪು ತಿರುಗಿಸಿ ಹೇಳುತ್ತದೆ. ಹಾಗಾಗಿ ಮೈಕ್ ಕೆಟ್ಟರೂ ಹಾಡು ನಿಲ್ಲುವುದಿಲ್ಲ. ಕಲ್ಲು ಹೊತ್ತವರು, ಬೆಟ್ಟ ಕಡಿದವರು, ಹೊಲ ಉತ್ತವರು ಎಂದು ಕೆಲಸಗಳ ಪಟ್ಟಿ ಒಂದರ ಮೇಲೊಂದು ಬರುತ್ತದೆ, ಭಾರ ಏರುತ್ತ ಹೋಗುತ್ತದೆ. ಸಭೆಗೆ ಬಂದವನಿಗೆ ತನ್ನ ಕೆಲಸದ ಹೆಸರು ಯಾವ ಸಾಲಿನಲ್ಲಿ ಬರುತ್ತದೆ ಎಂದು ಕಾಯುವಂತಾಗುತ್ತದೆ. ಇದು ಅರಚಾಟದಿಂದ ಆಗುವಂಥದ್ದಲ್ಲ, ಕಸುಬು ಗೊತ್ತಿದ್ದವರಿಂದ ಆಗುವಂಥದ್ದು.

ಇನ್ನು ಕೋಪದ ಮಾತು. ಅದೇ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಕನ್ನಡದ ಅತ್ಯಂತ ನಗಿಸುವ ಪುಸ್ತಕಗಳಲ್ಲಿ ಒಂದು. ಅದರ ಆರಂಭದಲ್ಲಿ ಒಂದು ನೋಟವಿದೆ: ಹೊಲದಲ್ಲಿ ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ. ನೋಡುತ್ತಿರುವ ಹುಡುಗನಿಗೆ ಮೊದಲು ಅದು ಮೋಜು. ಆಮೇಲೆ ಗೊತ್ತಾಗುತ್ತದೆ, ಅವರಲ್ಲಿ ಒಬ್ಬ ತನ್ನ ಅಪ್ಪ. ಇದನ್ನು ಅವರು ಹಲ್ಲು ಕಡಿಯದೆ ಬರೆದಿದ್ದಾರೆ. ಸ್ಮಶಾನದಲ್ಲಿ ಕೂತು ಓದಿದ ದಿನಗಳನ್ನು ನಗುನಗುತ್ತ ಬರೆದಿದ್ದಾರೆ. ಹಾಡಿನಲ್ಲಿ ಕಿಡಿ ಇಟ್ಟ ಕೈಯೇ ಗದ್ಯದಲ್ಲಿ ನಗೆ ಇಟ್ಟಿತು. ಎಲ್ಲಿ ಏನು ಬೇಕು ಎಂದು ಅವರಿಗೆ ಗೊತ್ತಿತ್ತು. ಹೋರಾಟದ ಹಾಡುಗಾರನಿಗೆ ಕೋಪ ಬಿಟ್ಟು ಬೇರೆ ಭಾವವೇ ಇಲ್ಲ ಎಂದು ನಂಬಿದ್ದ ನಮ್ಮಂಥವರಿಗೆ ಈ ಒಂದು ಪುಸ್ತಕ ಸಾಕು.

ತಪ್ಪು ಕಲ್ಪನೆ: ಹಾಡಿದರೆ ಏನೂ ಬದಲಾಗುವುದಿಲ್ಲ.

ವಾಸ್ತವ: ಹಾಡು ಕಾಯ್ದೆ ಮಾಡುವುದಿಲ್ಲ, ನಿಜ. ಹಾಗೆಂದು ಹಾಡಿದವರೂ ಹೇಳಿಲ್ಲ. ಹಾಡು ಮಾಡುವ ಕೆಲಸ ಬೇರೆ. ಸಭೆಗೆ ಬರಲು ಹೆದರುವವನನ್ನು ಕರೆತರುತ್ತದೆ, ಕರಪತ್ರ ಓದಲಾರದವನಿಗೆ ವಿಷಯ ಮುಟ್ಟಿಸುತ್ತದೆ, ಊರಿಗೆ ಮರಳಿದ ಮೇಲೂ ಅದನ್ನು ಅವನ ಬಾಯಲ್ಲಿ ಉಳಿಸುತ್ತದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ಏಕೀಕರಣದ ಹಾಡು ಮೊಳಗಿತು. ಕನ್ನಡ ನಾಡು ಒಂದಾದದ್ದು 1956ರಲ್ಲಿ. ನಡುವಿನ 32 ವರ್ಷ ಆಯೋಗ, ಮನವಿ, ಉಪವಾಸ, ರಾಜಕೀಯ ಎಲ್ಲ ನಡೆದವು. ಒಂದಾಗಿಸಿದ್ದು ಹಾಡೊಂದೇ ಎಂದರೆ ತಪ್ಪು. ಆದರೆ ಐದು ಆಡಳಿತಗಳಲ್ಲಿ ಹಂಚಿಹೋದ ಜನಕ್ಕೆ ತಾವೊಂದೇ ನಾಡಿನವರು ಎಂಬುದನ್ನು ನಕ್ಷೆಗಿಂತ ಮೊದಲು ಹೇಳಿದ್ದು ಇಂಥ ಹಾಡುಗಳೇ.

ತಪ್ಪು ಕಲ್ಪನೆ: ಸರ್ಕಾರದ ವಿರುದ್ಧ ಹಾಡುವುದೇ ಅಪರಾಧ, ಬೆಂಗಳೂರಿನಲ್ಲಂತೂ ಫ್ರೀಡಂ ಪಾರ್ಕ್ ಬಿಟ್ಟರೆ ಬೇರೆಲ್ಲೂ ಬಾಯಿ ತೆರೆಯುವಂತಿಲ್ಲ.

ವಾಸ್ತವ: ಎರಡು ವಿಷಯ ಬೆರೆತುಹೋಗಿವೆ. ಬೆಂಗಳೂರಿನ 2021ರ ಆದೇಶ ಇರುವುದು ಧರಣಿ, ಮೆರವಣಿಗೆ, ಪ್ರತಿಭಟನಾ ಸಭೆಗಳ ಜಾಗದ ಬಗ್ಗೆ. ಹಾಡಿನ ಸಾಹಿತ್ಯದ ಬಗ್ಗೆ ಅಲ್ಲ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇರುವ ನಿರ್ಬಂಧ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ್ದು. ಅದು ಭಕ್ತಿಗೀತೆಗೂ ಅನ್ವಯ, ಹೋರಾಟದ ಹಾಡಿಗೂ ಅನ್ವಯ. ಪೊಲೀಸರು ಹತ್ತು ಗಂಟೆಗೆ ಮೈಕ್ ಆರಿಸಿದರೆ ಹಾಡಿನ ಅರ್ಥಕ್ಕೆ ಹೆದರಿ ಆರಿಸಿದರು ಎಂದುಕೊಳ್ಳಬೇಕಾಗಿಲ್ಲ.

ಭಯಕ್ಕೆ ಕಾರಣವೇ ಇಲ್ಲ ಎಂದು ಹೇಳಲೂ ಆಗದು. 2015ರಲ್ಲಿ ತಮಿಳುನಾಡಿನ ಜನಪದ ಗಾಯಕ ಕೋವನ್ ಸರ್ಕಾರಿ ಮದ್ಯದಂಗಡಿಗಳನ್ನು ಲೇವಡಿ ಮಾಡಿ ಹಾಡಿದ್ದಕ್ಕೆ ಅವರ ಮೇಲೆ ದೇಶದ್ರೋಹದ ಮೊಕದ್ದಮೆ ಬಿತ್ತು, ಬಂಧನವಾಯಿತು. ಆಮೇಲೆ ಜಾಮೀನು ಸಿಕ್ಕಿತು. ಆದರೆ 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಕವಿತೆಯ ಮೇಲೆ ಗುಜರಾತಿನಲ್ಲಿ ಹಾಕಿದ್ದ ಎಫ್ಐಆರ್ ರದ್ದು ಮಾಡಿತು. ಕವಿತೆ, ನಾಟಕ, ವಿಡಂಬನೆಗಳೂ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ, ಅವನ್ನು ಕಾಪಾಡುವುದು ನ್ಯಾಯಾಲಯದ ಕರ್ತವ್ಯ ಎಂದು ಹೇಳಿತು. ಹಿಂಸೆಗೆ ಕುಮ್ಮಕ್ಕು ಕೊಡುವುದು ಬೇರೆ, ಆಳುವವರನ್ನು ಟೀಕಿಸಿ ಹಾಡುವುದು ಬೇರೆ. ಅಂದಹಾಗೆ, ಈಗ ಫ್ರೀಡಂ ಪಾರ್ಕ್ ಇರುವ ಜಾಗ ಹಿಂದೆ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ಬಾಯಿ ತೆರೆದವರನ್ನು ಇಟ್ಟಿದ್ದು ಅಲ್ಲಿ.

ತಪ್ಪು ಕಲ್ಪನೆ: ತಮಟೆ ಸದ್ದು ಮನೆ ಮುಂದೆ ಕೇಳಿದರೆ ಅಪಶಕುನ, ಸಾವಿನ ಸುದ್ದಿ ಹಿಂದೆಯೇ ಬರುತ್ತದೆ.

ವಾಸ್ತವ: ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದು ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ನೋಯಿಸುತ್ತದೆ. ನಮ್ಮ ಸೀಮೆಯಲ್ಲಿ ಶವಯಾತ್ರೆಗೆ ತಮಟೆ ಬಡಿಯುತ್ತಾರೆ, ನಿಜ. ಅದೇ ತಮಟೆಯನ್ನು ಜಾತ್ರೆಗೆ, ಮಾರಿಹಬ್ಬಕ್ಕೆ, ಗಣೇಶನ ವಿಸರ್ಜನೆಗೆ, ಗೆದ್ದ ಅಭ್ಯರ್ಥಿಯ ಮೆರವಣಿಗೆಗೆ ಕೂಡ ಬಡಿಯುತ್ತಾರೆ. ಗಣೇಶನ ಮುಂದೆ ಬಡಿದಾಗ ನಾವೇ ಕುಣಿದಿದ್ದೇವೆ. ಸಾವಿನ ಮನೆಯ ಮುಂದೆ ಶಂಖವನ್ನೂ ಊದುತ್ತಾರೆ, ಆದರೂ ದೇವರ ಮನೆಯ ಶಂಖ ಅಪಶಕುನ ಎಂದು ಯಾರೂ ಹೇಳುವುದಿಲ್ಲ. ವ್ಯತ್ಯಾಸ ಇರುವುದು ವಾದ್ಯದಲ್ಲಲ್ಲ, ಅದನ್ನು ಹಿಡಿದವರ ಜಾತಿಯ ಬಗ್ಗೆ ನಮ್ಮಲ್ಲಿ ಇರುವ ಅಸಹ್ಯದಲ್ಲಿ. ಸತ್ತ ದನದ ಚರ್ಮ ಹದ ಮಾಡಿ, ಕಟ್ಟಿಗೆ ಬಿಗಿದು, ಬೆಂಕಿಗೆ ಹಿಡಿದು ಶ್ರುತಿಗೆ ತಂದವರು ಹೊಲೆಯ ಮಾದಿಗರು. ವಾದ್ಯದ ಮೇಲಿನ ಅಪಶಕುನ ಅವರ ಮೇಲಿನ ಮೈಲಿಗೆಯದೇ ಮುಂದುವರಿಕೆ.

ದಲಿತ ಚಳವಳಿ ಈ ಗಂಟನ್ನು ಎರಡೂ ಕಡೆಯಿಂದ ಬಿಚ್ಚಲು ನೋಡಿತು. ಸಾವಿನ ಮನೆಗೆ ಬಿಟ್ಟಿಯಾಗಿ ತಮಟೆ ಬಡಿಯುವ ಬಲವಂತದ ಚಾಕರಿಯನ್ನು ನಿಲ್ಲಿಸಿ ಎಂದಿತು. ತಮ್ಮ ಸಭೆಗಳನ್ನು ಅದೇ ತಮಟೆಯಿಂದ ಶುರು ಮಾಡಿತು. ಇವೆರಡೂ ಒಂದಕ್ಕೊಂದು ವಿರುದ್ಧವಲ್ಲ. ಬೇಡವೆಂದದ್ದು ಬಲವಂತ, ಬೇಕೆಂದದ್ದು ಕಲೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅವರ ಊರು ನಮ್ಮ ಬಳ್ಳಾರಿ ರಸ್ತೆ ಮುಂದೆ ಸಾಗುವ ಜಿಲ್ಲೆಯದ್ದೇ. ಅಂಥವರ ವಾದ್ಯ ಬೀದಿಗೆ ಬಂದರೆ ಬಾಗಿಲು ಹಾಕಿಕೊಳ್ಳುವವರು ನಮ್ಮಲ್ಲಿ ಇನ್ನೂ ಇದ್ದಾರೆ.

ತಪ್ಪು ಕಲ್ಪನೆ: ರಾಕ್ ಸಂಗೀತ ದೆವ್ವದ ಪೂಜೆ. ಅದರ ರೆಕಾರ್ಡನ್ನು ಹಿಂದುಮುಂದಾಗಿ ತಿರುಗಿಸಿದರೆ ಸೈತಾನನ ಮಾತು ಕೇಳುತ್ತದೆ, ಹುಡುಗರ ಬುದ್ಧಿ ಕೆಡುತ್ತದೆ.

ವಾಸ್ತವ: ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಕಪ್ಪು ಟೀಶರ್ಟಿನ ಹುಡುಗರ ಸಾಲು ನೋಡಿ ಗಾಬರಿಯಾದ ಹಿರಿಯರು ನಮ್ಮ ಕಡೆ ಇದ್ದರು. ಅವರ ಗಾಬರಿ ಪ್ರೀತಿಯಿಂದ ಬಂದದ್ದು, ಹಾಗಾಗಿ ಉತ್ತರ ಕೊಡಬೇಕಾದದ್ದೇ. ಆ ಬ್ಯಾಂಡಿನ ಹಾಡುಗಳಲ್ಲಿ ಬಹಳಷ್ಟು ಇತಿಹಾಸ ಮತ್ತು ಸಾಹಿತ್ಯದಿಂದ ಬಂದವು. ಒಂದು ಕ್ರಿಮಿಯಾ ಯುದ್ಧದಲ್ಲಿ ಸಾಯುವ ಸಿಪಾಯಿಯ ಹಾಡು, ಇನ್ನೊಂದು ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥೆ. ಯುದ್ಧಕ್ಕೆ ಕಳಿಸುವವರ ಮೇಲೆ ಅವರ ಹಾಡುಗಳಲ್ಲಿ ಇರುವ ಸಿಟ್ಟನ್ನು ಪ್ರತಿಭಟನೆ ಎಂದು ಕರೆಯಲು ನಾವು ಹಿಂಜರಿಯಬೇಕಿಲ್ಲ.

ಹಿಂದುಮುಂದಿನ ಮಾತಿನ ಬಗ್ಗೆ: 1985ರಲ್ಲಿ ಕೆನಡಾದ ಇಬ್ಬರು ಮನಃಶಾಸ್ತ್ರಜ್ಞರು, ವೋಕೀ ಮತ್ತು ರೀಡ್, ಇದನ್ನು ಪರೀಕ್ಷೆ ಮಾಡಿ ನೋಡಿದರು. ತಿರುಗಿಸಿದ ಧ್ವನಿಯಲ್ಲಿ ಜನ ಅರ್ಥ ಹಿಡಿಯಲಾರರು. ಏನು ಕೇಳಬೇಕೆಂದು ಮೊದಲೇ ಹೇಳಿಕೊಟ್ಟರೆ ಮಾತ್ರ ಅದು ಕೇಳಿದಂತಾಗುತ್ತದೆ. 1990ರಲ್ಲಿ ಅಮೆರಿಕದ ನೆವಾಡಾದಲ್ಲಿ ಜೂಡಸ್ ಪ್ರೀಸ್ಟ್ ಬ್ಯಾಂಡಿನ ಮೇಲೆ ಇದೇ ಆರೋಪದ ಮೊಕದ್ದಮೆ ನಡೆದು ಬ್ಯಾಂಡಿನ ಪರ ತೀರ್ಪು ಬಂತು. ಐರನ್ ಮೇಡನ್‌ನವರಂತೂ ಈ ಪುಕಾರಿಗೆ ನಗೆಯಲ್ಲೇ ಉತ್ತರ ಕೊಟ್ಟರು. 1983ರ ಆಲ್ಬಮ್ಮಿನಲ್ಲಿ ಬೇಕೆಂದೇ ಒಂದು ತಿರುಗುಮುರುಗು ಮಾತು ಸೇರಿಸಿದರು. ಕಷ್ಟಪಟ್ಟು ಸರಿಮಾಡಿ ಕೇಳಿದವರಿಗೆ ಸಿಕ್ಕಿದ್ದು ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಮಾಡಿದ ಇದಿ ಅಮೀನನ ಅಣಕು.

ತಪ್ಪು ಕಲ್ಪನೆ: ನಗಿಸುವ ಹಾಡು ಹಗುರ. ಷರೀಫರ ಗುಡಿಗುಡಿ ಪದ ನಶೆಯ ಹಾಡು, ‘ರತ್ನನ ಪದಗಳು’ ಬರೆದವರು ಕುಡುಕರು, ಕೈಲಾಸಂ ಬರೀ ತಮಾಷೆಯವರು.

ವಾಸ್ತವ: ಮೂರಕ್ಕೂ ಬೇರೆ ಬೇರೆಯಾಗಿ ಉತ್ತರ ಕೊಡಬೇಕು.

ಶಿಶುನಾಳ ಷರೀಫರ ಆ ಪದ ಈಗ ಡ್ರಮ್ಸ್, ಗಿಟಾರಿನ ಜೊತೆ ಕಾಲೇಜು ಉತ್ಸವಗಳಲ್ಲಿ ಮೊಳಗುತ್ತದೆ. ರಘು ದೀಕ್ಷಿತ್ ಅದನ್ನು ಹೊಸ ಪೀಳಿಗೆಗೆ ಮುಟ್ಟಿಸಿದರು. ಮುಂದೆ ನಿಂತ ಹುಡುಗರು ಅದನ್ನು ಹೊಗೆ ಎಳೆಯಲು ಸಿಕ್ಕ ಪರವಾನಗಿಯಂತೆ ಕೂಗುವುದೂ ಉಂಟು. ಪದದ ಒಳಗೆ ಇಳಿದರೆ ಮನಸ್ಸೇ ಸಂಚಿ, ಅದರಲ್ಲಿರುವ ಮೋಹವೇ ಕೊಚ್ಚಬೇಕಾದ ಸೊಪ್ಪು, ಅದನ್ನು ಸುಡುವ ಬೆಂಕಿ ಬುದ್ಧಿ. ಸುಟ್ಟುಹೋಗಬೇಕಾದದ್ದು ಒಳಗಿನ ರೋಗ. ನಶೆ ಇಳಿಸುವ ಹಾಡು ಅದು. ಕೋಳಿ ಕೋಡಗವನ್ನು ನುಂಗುವ ಅವರ ಇನ್ನೊಂದು ಪದವನ್ನೂ ಮಕ್ಕಳ ಹಾಡಿನಂತೆ ಹಾಡುತ್ತೇವೆ. ಚಿಕ್ಕದು ದೊಡ್ಡದನ್ನು ನುಂಗುತ್ತ ಹೋಗುವ ಆ ತಲೆಕೆಳಗು ಲೋಕ ಅಲ್ಲಮನ ಬೆಡಗಿನ ವಚನಗಳ ಮನೆತನದ್ದು. ನಗು ಅಲ್ಲಿ ಬಾಗಿಲು. ನಕ್ಕು ಒಳಗೆ ಹೋದವರಿಗೆ ಗುರುವಿನ ಪಾದದವರೆಗೆ ದಾರಿ ಇದೆ.

ಎಂಡ್ಕುಡ್ಕ ರತ್ನನನ್ನು ಸೃಷ್ಟಿಸಿದ ಜಿ.ಪಿ. ರಾಜರತ್ನಂ ಕುಡಿಯುತ್ತಿರಲಿಲ್ಲ. ಕನ್ನಡ ಮೇಷ್ಟ್ರು, ಪಾಲಿ ಭಾಷೆಯ ಬೌದ್ಧ ಗ್ರಂಥಗಳನ್ನು ಓದಿದವರು, ಶಿಶುವಿಹಾರದ ಮಕ್ಕಳು ಇಂದಿಗೂ ಹಾಡುವ ಪದ್ಯಗಳನ್ನು ಬರೆದವರು. ಬ್ಯಾಸರ, ಬಡತನ, ಹೆಂಡತಿಯ ಮೇಲಿನ ಪ್ರೀತಿ, ಕನ್ನಡದ ಅಭಿಮಾನ ಇವನ್ನೆಲ್ಲ ಸಮಾಜ ಮಾತಾಡಲು ಬಿಡದ ಒಬ್ಬನ ಬಾಯಲ್ಲಿ, ಅವನದೇ ನುಡಿಯಲ್ಲಿ ಆಡಿಸಬೇಕಿತ್ತು. ಅದಕ್ಕೆ ರತ್ನ ಬೇಕಾದ. ದೇವರು ನಾಲಿಗೆ ಸೀಳಿಸಿದರೂ ಕನ್ನಡ ಬಿಡೆನೆಂದು ಹಟ ಹಿಡಿಯುವ ರತ್ನನ ಪದಕ್ಕೆ ಜನ ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಮೈಸೂರು ಅನಂತಸ್ವಾಮಿ ಹಾಡುವಾಗ ಈ ಎರಡೂ ಆಗುತ್ತಿತ್ತು.

ಟಿ.ಪಿ. ಕೈಲಾಸಂ ಮಾಡಿದ ತಮಾಷೆಯ ಹಿಂದೆ ಏನಿತ್ತು ಎಂದು ತಿಳಿಯಲು ಅವರ ನಾಟಕಗಳನ್ನು ಓದಿದರೆ ಸಾಕು. ವರದಕ್ಷಿಣೆ, ಪೊಳ್ಳು ಶಿಕ್ಷಣ, ಹೆಂಗಸರ ಗೋಳು, ಎಲ್ಲ ಅಲ್ಲಿದೆ. ಬೆಂಗಳೂರಿನ ಸ್ವರಾತ್ಮ ಬ್ಯಾಂಡ್ 2012ರಲ್ಲಿ ‘ಟೋಪಿವಾಲೆ’ ಎಂಬ ಆಲ್ಬಮ್ ಮಾಡಿ ರಾಜಕಾರಣಿಗಳನ್ನು ಗೇಲಿ ಮಾಡಿದಾಗ ಇದು ಹೊಸ ಪದ್ಧತಿ ಎಂದವರಿದ್ದರು. ಹೊಸದೇನಲ್ಲ, ಪುರಂದರದಾಸರು ಡಂಭಾಚಾರದ ಭಕ್ತರನ್ನು ಹಾಡಿನಲ್ಲಿ ಆಡಿಕೊಂಡದ್ದು ಐನೂರು ವರ್ಷದ ಹಿಂದೆ.

ತಪ್ಪು ಕಲ್ಪನೆ: ಪಾಶ್ಚಾತ್ಯ ಧಾಟಿ ಕನ್ನಡಕ್ಕೆ ಒಗ್ಗುವುದಿಲ್ಲ.

ವಾಸ್ತವ: ಕೈಲಾಸಂ ಅವರ ‘ಕೋಳೀಕೆ ರಂಗ’ ಯಾವ ಧಾಟಿಯದು? 1920ರ ದಶಕದ ಇಂಗ್ಲಿಷ್ ಜನಪ್ರಿಯ ಗೀತೆಯೊಂದರದು. ನಾಲ್ಕು ಪೀಳಿಗೆ ಅದನ್ನು ಅಪ್ಪಟ ಕನ್ನಡದ ಹಾಡೆಂದೇ ಹಾಡಿವೆ, ಅದರಲ್ಲಿ ತಪ್ಪೂ ಇಲ್ಲ.

ತಪ್ಪು ಕಲ್ಪನೆ: ಖ್ಯಾತಿ ಒಂದೇ ರಾತ್ರಿಯಲ್ಲಿ ಬರುತ್ತದೆ. ಬಂದ ಮೇಲೆ ಹಾಡುಗಾರ ತನ್ನನ್ನು ಮಾರಿಕೊಳ್ಳುತ್ತಾನೆ.

ವಾಸ್ತವ: ರಾತ್ರಿ ಬೆಳಗಾಗುವುದರಲ್ಲಿ ಬಂದಂತೆ ಕಾಣುವುದು ನಾವು ಗಮನಿಸಿದ್ದು ಆ ಬೆಳಿಗ್ಗೆ ಎಂಬ ಕಾರಣಕ್ಕೆ. ಸಿ. ಅಶ್ವತ್ಥ್ ವರ್ಷಗಟ್ಟಲೆ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ನಾಟಕಗಳಿಗೆ ಸಂಗೀತ ಮಾಡಿದವರು. ಲಕ್ಷ ಜನರ ಮುಂದೆ ನಿಂತಾಗ ಅವರಿಗೆ 65 ದಾಟಿತ್ತು. ರಘು ದೀಕ್ಷಿತ್ ಸೂಕ್ಷ್ಮಜೀವಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಅಂತರಾಗ್ನಿ ಎಂಬ ತಂಡ ಕಟ್ಟಿ, ಅದು ಚದುರಿ, ಕಂಪನಿಗಳ ಬಾಗಿಲು ತಟ್ಟಿ, ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಅವರ ತಂಡ ಹಾಡಿದ ಸುದ್ದಿ ಓದಿ ನಾವು ಬೆರಗಾದೆವು. ನಡುವಿನ ಹತ್ತು ಹನ್ನೆರಡು ವರ್ಷ ನಮ್ಮ ಕಣ್ಣಿಗೆ ಬೀಳಲೇ ಇಲ್ಲ.

ಮಾರಿಕೊಳ್ಳುವ ಆರೋಪ ಇನ್ನೂ ಹಳೆಯದು. 1965ರ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಡಿಲನ್ ವಿದ್ಯುತ್ ಗಿಟಾರ್ ಹಿಡಿದಾಗ ಅಭಿಮಾನಿಗಳೇ ಕೂಗಿ ಗೇಲಿ ಮಾಡಿದರು. ತನ್ನನ್ನು ಪ್ರತಿಭಟನೆಯ ಗಾಯಕ ಎಂದು ಕರೆಯಬೇಡಿ ಎಂದು ಅವರು ಮತ್ತೆ ಮತ್ತೆ ಹೇಳಿದರು, ಜನ ಒಪ್ಪಲಿಲ್ಲ. ಸಿದ್ಧಲಿಂಗಯ್ಯನವರು ಪುಟ್ಟಣ್ಣ ಕಣಗಾಲರ ‘ಧರಣಿ ಮಂಡಲ ಮಧ್ಯದೊಳಗೆ’ ಚಿತ್ರಕ್ಕೆ ಪ್ರೇಮಗೀತೆ ಬರೆದರು, ವಿಧಾನ ಪರಿಷತ್ತಿನ ಸದಸ್ಯರಾದರು. ಅವರ ಜೊತೆಗಾರರಲ್ಲೇ ಕೆಲವರಿಗೆ ಇದು ಬೇಸರ ತಂದಿತು. ಆ ಬೇಸರ ಅವರ ಹಕ್ಕು. ಆದರೆ ಕೇರಿಯಿಂದ ಬಂದವನು ಹೋರಾಟದ ಹಾಡನ್ನಷ್ಟೇ ಬರೆಯಬೇಕು, ಪ್ರೀತಿಯ ಹಾಡು ಬರೆಯಕೂಡದು ಎಂದರೆ ಅವನಿಗೆ ಇನ್ನೊಂದು ಬೇಲಿ ಹಾಕಿದಂತೆ. ತೆಲುಗಿನ ಹೋರಾಟದ ಹಾಡುಗಾರ ಗದ್ದರ್ ‘ಮಾ ಭೂಮಿ’ ಚಿತ್ರದ ತೆರೆಯ ಮೇಲೆ ಕಾಣಿಸಿಕೊಂಡು ಹಾಡಿದರು. ಅದರಿಂದ ಹಾಡಿನ ಕಸುವು ಕುಂದಲಿಲ್ಲ. ಗಡಿ ದಾಟಿ ನಮ್ಮ ಕೋಲಾರದ ಹಳ್ಳಿಗಳನ್ನೂ ತಲುಪಿತು. 1997ರಲ್ಲಿ ಅವರ ಮೇಲೆ ಗುಂಡು ಹಾರಿತು. ಒಂದು ಗುಂಡು 2023ರಲ್ಲಿ ತೀರಿಕೊಳ್ಳುವವರೆಗೂ ಅವರ ಮೈಯಲ್ಲೇ ಇತ್ತು. ಖ್ಯಾತಿಯ ಸುಖ ಉಂಡವರು ಎಂದು ಅವರನ್ನು ಹೇಗೆ ಕರೆಯುವುದು?

ತಪ್ಪು ಕಲ್ಪನೆ: ಜನಪದ ಹಾಡು ಯಾರದೂ ಅಲ್ಲ. ಯಾರು ಬೇಕಾದರೂ ಹಾಡಬಹುದು, ರೆಕಾರ್ಡ್ ಮಾಡಿ ಮಾರಬಹುದು. ಹೆಸರು ಹೇಳುವ ಅಗತ್ಯವಿಲ್ಲ. ಷರೀಫರ ಪದವಂತೂ ಷರೀಫರ ಕಾಲದ ಧಾಟಿಯಲ್ಲೇ ಇದೆ.

ವಾಸ್ತವ: ನಮ್ಮ ಪಕ್ಕದ ಆರ್.ಟಿ. ನಗರ ರವೀಂದ್ರನಾಥ ಟ್ಯಾಗೋರರ ಹೆಸರಿನದು. 1905ರಲ್ಲಿ ಬಂಗಾಳ ವಿಭಜನೆಯ ವಿರುದ್ಧ ಅವರು ಬರೆದ ಹಾಡೊಂದು ಇಂದು ಬಾಂಗ್ಲಾದೇಶದ ರಾಷ್ಟ್ರಗೀತೆ. ಅದರ ಧಾಟಿ ಗಗನ್ ಹರ್ಕರಾ ಎಂಬ ಅಂಚೆಯಾಳು ಹಾಡುತ್ತಿದ್ದ ಬಾವುಲ್ ಪದದ್ದು. ಜನಪದ ಎಂದು ನಾವು ಕರೆಯುವ ಧಾಟಿಗೂ ಒಬ್ಬ ಅಂಚೆಯಾಳು ಇರುತ್ತಾನೆ. ಅವನ ಹೆಸರು ಉಳಿಯಿತು. ಬಹಳ ಜನರದ್ದು ಉಳಿಯಲಿಲ್ಲ.

ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳನ್ನು ಧಾರವಾಡ, ಹಾವೇರಿ ಸೀಮೆಯ ಭಜನಾ ಮೇಳಗಳು ಏಕತಾರಿ, ದಮ್ಮಡಿ, ತಾಳ ಹಿಡಿದು ತಮ್ಮ ಧಾಟಿಗಳಲ್ಲಿ ಹಾಡುತ್ತ ಬಂದಿವೆ. ನಾವು ಬೆಂಗಳೂರಿನಲ್ಲಿ ಕೇಳಿ ಬೆಳೆದ ಧಾಟಿ ಬಹುಮಟ್ಟಿಗೆ ಅಶ್ವತ್ಥ್ ಅವರದು. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಗಳನ್ನು ಹುಡುಕಿ ಒಪ್ಪ ಮಾಡಿ ಕೊಟ್ಟರು, ಅದಕ್ಕೇ ಅವರಿಗೆ ಷರೀಫ್ ಭಟ್ಟರೆಂದು ಹೆಸರಾಯಿತು. ಅಶ್ವತ್ಥ್ ರಾಗ ಹಾಕಿದರು. 1990ರಲ್ಲಿ ಷರೀಫರ ಬಗ್ಗೆ ಟಿ.ಎಸ್. ನಾಗಾಭರಣ ಅವರ ಚಿತ್ರ ಬಂದ ಮೇಲೆ ಆ ಧಾಟಿಯೇ ಮೂಲ ಎಂಬಂತೆ ನಿಂತುಬಿಟ್ಟಿತು. ಶಿಶುನಾಳದ ಗದ್ದುಗೆಯಲ್ಲಿ ಭಜನೆಯವರು ಹಾಡುವುದನ್ನು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಎರಡೂ ಚೆಂದ, ಎರಡೂ ಬೇರೆ.

ಕಾನೂನಿಗೂ ಈ ವ್ಯತ್ಯಾಸ ಗೊತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯಕ್ಕೂ ಸಂಗೀತಕ್ಕೂ ಹಕ್ಕು ಬೇರೆ ಬೇರೆ. ರಚಿಸಿದವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅದು ಉಳಿಯುತ್ತದೆ. ಷರೀಫರ ಸಾಹಿತ್ಯ ಎಂದೋ ಎಲ್ಲರದ್ದಾಗಿದೆ. ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ, ಹಾಗಾಗಿ ಅವರು ಹಾಕಿದ ಧಾಟಿಯ ಮೇಲೆ 2069ರ ಕೊನೆಯವರೆಗೆ ಹಕ್ಕಿದೆ, ಅದು ಈಗ ಯಾರ ಕೈಯಲ್ಲಿದ್ದರೂ. 2021ರ ಜೂನ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡ ಸಿದ್ಧಲಿಂಗಯ್ಯನವರ ಹಾಡುಗಳ ಮೇಲಿನ ಹಕ್ಕು 2081ರವರೆಗೆ.

ಹಾಗೆಂದು ರಾಜ್ಯೋತ್ಸವದ ಸಮಿತಿಯವರು ಹೆದರಬೇಕಾಗಿಲ್ಲ. ಟಿಕೆಟ್ ಇಲ್ಲದ ಸಭೆಯಲ್ಲಿ ಹವ್ಯಾಸಿ ಸಂಘದವರು ಹಾಡಲು, ಮದುವೆಯ ಮೆರವಣಿಗೆಯಲ್ಲಿ ಹಾಡಲು ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಹಾಡಿದ್ದನ್ನು ರೆಕಾರ್ಡ್ ಮಾಡಿ ಯೂಟ್ಯೂಬಿನಲ್ಲಿ ಹಾಕಿ ದುಡ್ಡು ಮಾಡುವುದು ಬೇರೆ ಮಾತು. ಹೆಸರು ಹೇಳುವುದಕ್ಕಂತೂ ಯಾವ ಅಡ್ಡಿಯೂ ಇಲ್ಲ, ಖರ್ಚೂ ಇಲ್ಲ. ಪಾಂಪ್ಲೆಟಿನಲ್ಲಿ ಉದ್ಘಾಟಕರ, ಮುಖ್ಯ ಅತಿಥಿಗಳ, ಪೆಂಡಾಲಿನವರ ಹೆಸರು ಅಚ್ಚಾಗುತ್ತದೆ. ತಮಟೆಯವರದ್ದು ಜಾನಪದ ತಂಡ ಎಂಬ ಎರಡು ಪದದಲ್ಲಿ ಮುಗಿಯುತ್ತದೆ. ಈ ನವೆಂಬರಿನ ಪಾಂಪ್ಲೆಟ್ ಅಚ್ಚಿಗೆ ಹೋಗುವ ಮೊದಲು ಅವರ ಮುಖ್ಯಸ್ಥರ ಹೆಸರು, ಊರು, ಹಾಡು ಬರೆದವರ ಹೆಸರು ಸೇರಿಸಿ, ಒಪ್ಪಿದ ಸಂಭಾವನೆಯನ್ನು ಕಾರ್ಯಕ್ರಮ ಮುಗಿದ ರಾತ್ರಿಯೇ ಕೊಡಿ.